ಏಳನೇ ನಂಬರ್ ಬಾವಿಯ ಮೇಷ್ಟರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಮೊರ ಮುಂದಿಟ್ಟುಕೊಂಡು ಹುರುಳಿ ಆರಿಸುತ್ತಿದ್ದೆ. ಫೋನಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಬಿಕ್ಕುತ್ತ, "ಟೀಚರ್, ಸೈನ್ಸ್ ಸಾರ್ ಹೋಗ್ಬಿಟ್ರು" ಎಂದ. "ಹೌದೇನಪ್ಪ" ಎಂದೆ. ಫೋನು ಕೆಳಗಿಟ್ಟು ಮತ್ತೆ ಕಲ್ಲು ಆರಿಸಿದೆ. ಆ ದಿನ ಹುರುಳಿ ಬಸ್ಸಾರು ಮಾಡಿದೆ, ಎರಡು ಸಲ ಬಡಿಸಿಕೊಂಡು ತಿಂದೆ.

ವಿದ್ಯಾರ್ಥಿ ಅಂದೆನಲ್ಲ, ಅವನಿಗೀಗ ನಲವತ್ತು ದಾಟಿದೆ. ನಂಜನಗೂಡಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ವಾರ ಬಿಟ್ಟು ಮತ್ತೆ ಫೋನ್ ಮಾಡಿದ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸಾರ್ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. "ನೀವು ಅವ್ರ ಜೊತೆ ಹದಿನೆಂಟು ವರ್ಷ ಕೆಲ್ಸ ಮಾಡಿದ್ದೀರಿ. ಕನ್ನಡ ಟೀಚರ್ ಬೇರೆ. ನಿಮ್ಮಷ್ಟು ಚೆನ್ನಾಗಿ ಇನ್ಯಾರು ಬರೀತಾರೆ?" ಎಂದ. "ಬರೀತೀನಿ ಕಣೋ. ಆದ್ರೆ ಒಂದಕ್ಷರ ತಿದ್ದಬಾರದು" ಎಂದೆ. ಖುಷಿಯಿಂದ ಒಪ್ಪಿಕೊಂಡ. ಪಾಪ, ಅವನಿಗೇನು ಗೊತ್ತು.

ಹೆಸರು ಬರೆಯುವುದಿಲ್ಲ. ಅವರ ಹೆಂಡತಿ ಇನ್ನೂ ಬದುಕಿದ್ದಾರೆ, ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಊರಿನ ಹೆಸರೂ ಬೇಡ. ನಂಜನಗೂಡಿನಿಂದ ತಿ. ನರಸೀಪುರದ ಕಡೆ ಹೋಗುವಾಗ, ನಾಲೆಯ ಏರಿ ದಾಟಿ ಎಡಕ್ಕೆ ತಿರುಗಿದರೆ ಸಿಗುವ ಒಂದು ಊರು ಎಂದುಕೊಳ್ಳಿ. ಅವರನ್ನು ಊರಿನವರು ಮೇಷ್ಟ್ರು ಅನ್ನುತ್ತಿದ್ದರು, ಮಕ್ಕಳು ಸೈನ್ಸ್ ಸಾರ್ ಅನ್ನುತ್ತಿದ್ದರು. ನಾನು ಒಂದು ಕಾಲದಲ್ಲಿ ದೇವರಂಥ ಮನುಷ್ಯ ಅನ್ನುತ್ತಿದ್ದೆ. ನನ್ನ ನಾಲಿಗೆಗೆ ಬರೆ ಹಾಕಬೇಕು.

ಮೊದಲು ಒಳ್ಳೆಯದನ್ನು ಬರೆದುಬಿಡುತ್ತೇನೆ. ಇದ್ದದ್ದನ್ನು ಮುಚ್ಚಿಡುವ ಬುದ್ಧಿ ಅವರದ್ದು, ನನ್ನದಲ್ಲ. ಅವರಂಥ ವಿಜ್ಞಾನದ ಮೇಷ್ಟರನ್ನು ನಾನು ಕಾಣಲಿಲ್ಲ. ನನ್ನ ಒಂಬತ್ತನೇ ತರಗತಿಗೂ ಅವರ ಪ್ರಯೋಗಾಲಯಕ್ಕೂ ನಡುವೆ ಒಂದೇ ಗೋಡೆ. ಆ ಕಡೆ ಅವರು ಪಾಠ ಶುರು ಮಾಡಿದರೆ ಈ ಕಡೆ ನನ್ನ ಮಕ್ಕಳ ಕಿವಿ ಗೋಡೆಗೇ. ನಾನು ಷಟ್ಪದಿಗೆ ಪ್ರಸ್ತಾರ ಹಾಕುತ್ತಿದ್ದರೆ, ಅವರು ಗಾಜಿನ ನಳಿಕೆಯನ್ನು ಉಗುರಿನಿಂದ ಟಣ್ ಟಣ್ ಅನ್ನಿಸುತ್ತ "ನೋಡ್ರಪ್ಪಾ, ಈಗ ಬಣ್ಣ ತಿರುಗ್ತದೆ" ಅನ್ನುತ್ತಿದ್ದರು. ಅಲ್ಲಿ ಬಣ್ಣ ತಿರುಗಿ ಮಕ್ಕಳು ಹೋ ಎಂದರೆ ನನ್ನ ಷಟ್ಪದಿ ಅಲ್ಲಿಗೇ ಮುಗಿಯಿತು. ಎಷ್ಟು ದಿನ ಅವರ ಮೇಲೆ ಹುಸಿ ಮುನಿಸು ತೋರಿಸಿದ್ದೆನೋ.

ಯಾವಾಗಲೂ ಅರ್ಧ ತೋಳಿನ ಬಿಳಿ ಷರಟು. ಸೀಮೆಸುಣ್ಣದ ತುಂಡು ಕಿವಿಯ ಮೇಲೆ. ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ತಪ್ಪು ಉತ್ತರ ಹೇಳಿದ ಹುಡುಗಿಯ ಹತ್ತಿರ ಹೋಗಿ ಬಗ್ಗಿ, "ಅದ್ಯಾಕೆ ಹಂಗನ್ನಿಸ್ತವ್ವ ನಿಂಗೆ?" ಎಂದು ನಿಜವಾಗಿಯೂ ತಿಳಿದುಕೊಳ್ಳುವ ಹಾಗೆ ಕೇಳುತ್ತಿದ್ದರು. "ಕೇಳಬೇಕು ಕಣ್ರಪ್ಪಾ. ಕೇಳ್ದೇ ಇರೋನಿಗೆ ಸೈನ್ಸ್ ಬರಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಬರಿಗಾಲಲ್ಲಿ ಬರುವ ಮಕ್ಕಳಿಗೆ ಯಾರಿಗೂ ಗೊತ್ತಾಗದ ಹಾಗೆ ಚಪ್ಪಲಿ ಕೊಡಿಸುತ್ತಿದ್ದರು. ಇಷ್ಟೂ ನಿಜ. ಇಂಥವರು ಅಂಥದ್ದು ಮಾಡಿದರು ಎಂಬುದೇ ನನ್ನ ಹೊಟ್ಟೆಯುರಿ.

ಒಂದು ವಿಷಯ ಮಾತ್ರ ಆಗ ನನಗೆ ಹೊಳೆಯಲಿಲ್ಲ. ಅವರ ಊರಿನಲ್ಲೇ ನಮ್ಮ ಶಾಲೆ, ಅವರ ಮನೆ ಶಾಲೆಯಿಂದ ಕೂಗಳತೆ. ಆದರೂ ಕುಡಿಯುವ ನೀರನ್ನು ಅವರು ಸ್ಟೀಲಿನ ಫ್ಲಾಸ್ಕಿನಲ್ಲಿ ತರುತ್ತಿದ್ದರು. ನೀರು ಊರ ಮುಂದಿನ ಸರ್ಕಾರಿ ನಲ್ಲಿಯದ್ದು. ಮನೆ ಹಿತ್ತಿಲಲ್ಲಿ ಕಲ್ಲುಕಟ್ಟಡದ ಅಷ್ಟು ದೊಡ್ಡ ಬಾವಿ ಇಟ್ಟುಕೊಂಡು, ಅವರ ಹೆಂಡತಿ ಕೊಡ ಹೊತ್ತು ನಲ್ಲಿಗೆ ಯಾಕೆ ಹೋಗುತ್ತಾರೆ ಎಂದು ಹದಿನೆಂಟು ವರ್ಷದಲ್ಲಿ ಒಂದು ಸಲವೂ ನಾನು ಕೇಳಲಿಲ್ಲ.

ನನಗೆ ಬಾವಿಯ ಹುಚ್ಚು. ನಂಜನಗೂಡಿನಲ್ಲಿ ನಮ್ಮದು ಬಾಡಿಗೆ ಮನೆ. ದಿನ ಬಿಟ್ಟು ದಿನ ನಲ್ಲಿ ನೀರು. ಅದೂ ಬರುವುದು ನಾನು ಬಸ್ಸಿಗೆ ಓಡುವ ಹೊತ್ತಿಗೆ. ಮೂವತ್ತು ವರ್ಷ ಡ್ರಮ್ಮು, ಬಿಂದಿಗೆ, ಪೈಪು ಎಂದು ಒದ್ದಾಡಿದವಳಿಗೆ ಮುದಿವಯಸ್ಸಿನಲ್ಲಿ ಒಂದು ಸ್ವಂತ ಬಾವಿ ಇರಬೇಕು, ಬೇಕೆಂದಾಗ ಹಗ್ಗ ಇಳಿಬಿಟ್ಟು ಸೇದಬೇಕು ಎಂದು ಆಸೆ. ನನ್ನ ಗಂಡ ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಅವರಿಗೆ ನಾಲ್ಕು ಗಿಡ ಹಾಕುವಷ್ಟು ಜಾಗ ಸಿಕ್ಕರೆ ಸಾಕು. ನನಗೆ ನಿವೃತ್ತಿಗೆ ಇನ್ನಾರು ತಿಂಗಳು ಇತ್ತು. ಮೇಷ್ಟರು ಆಗಲೇ ನಿವೃತ್ತರಾಗಿ, ಮೈಸೂರಿನಲ್ಲಿ ಮಗನ ಮನೆಯ ಹತ್ತಿರ ಇರಲು ಹೊರಟಿದ್ದರು. ಹಳ್ಳಿ ಮನೆ ಮಾರುತ್ತಾರೆ ಎಂದು ಗೊತ್ತಾದ ದಿನವೇ ನಾನು ಅವರಿಗೆ ಫೋನ್ ಮಾಡಿದೆ.

ಮನೆ ನೋಡಲು ಹೋದದ್ದು ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ. ಅಚ್ಚುಕಟ್ಟು ಮನೆ. ಹಿತ್ತಿಲಲ್ಲಿ ನೆಲ್ಲಿ ಮರ, ಬಾವಿ. ಬಾವಿಯಿಂದ ಹತ್ತು ಹೆಜ್ಜೆಯಾಚೆ, ಸ್ವಲ್ಪ ಎತ್ತರದಲ್ಲಿ, ಕನಕಾಂಬರದ ಪಾತಿ. ಅಂಥ ಕನಕಾಂಬರ ನಾನು ಕಂಡೇ ಇರಲಿಲ್ಲ; ಗಿಡವೆಲ್ಲ ಹೂವೇ. "ಏನು ಹಾಕ್ತೀರಿ ಸಾರ್ ಇದಕ್ಕೆ?" ಎಂದೆ. "ಏನಿಲ್ಲ ಟೀಚರ್, ಮಣ್ಣಿನ ಗುಣ" ಎಂದರು. ಗುಣವೇ! ಅದು ಅವರ ಅಪ್ಪನ ಕಾಲದಿಂದ ಎಂಟು ದನಗಳ ಸಗಣಿ ಗಂಜಲ ಬಿದ್ದ ತಿಪ್ಪೆಗುಂಡಿ. ದನ ಮಾರಿದ ಬಳಿಕ ಅದರ ಮೇಲೆ ಒಂದು ಗಾಡಿ ಮಣ್ಣು ಹರಡಿಸಿ ಹೂವಿನ ಪಾತಿ ಮಾಡಿದ್ದರು. ಕೆಳಗಿನದೆಲ್ಲ ಮಳೆಗೊಮ್ಮೆ ಇಂಗಿ ಬಾವಿಗೆ ಇಳಿಯುತ್ತಿತ್ತು. ಜೊತೆಗೆ ಬೇಲಿಯಾಚೆ ನಾಲೆ ನೀರಿನ ಭತ್ತದ ಗದ್ದೆ, ಮೂಟೆಗಟ್ಟಲೆ ಯೂರಿಯಾ.

ನಾನು ಬಾವಿಕಟ್ಟೆಯ ಮೇಲೆ ಕೂತು ಹೊಸ ಮದುವಣಗಿತ್ತಿಯ ಹಾಗೆ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಮೇಷ್ಟರು ಮರದಿಂದ ನಾಲ್ಕು ನೆಲ್ಲಿಕಾಯಿ ಕಿತ್ತು, ಅಂಗೈಯಲ್ಲಿ ಒರೆಸಿ, ಉಪ್ಪು ಸವರಿ ಕೊಟ್ಟರು. "ಮೊದ್ಲು ಇದು ತಿನ್ನಿ. ನಮ್ಮನೆ ನೆಲ್ಲಿಕಾಯಿ ತಿನ್ನದೆ ಯಾರೂ ಹೋಗಂಗಿಲ್ಲ." ಕಚಪಚ ಅಗಿದೆವು. ಆಮೇಲೆ ತಾವೇ ಒಂದು ಸೇದು ನೀರು ಎಳೆದು ಚೊಂಬಿನಲ್ಲಿ ಕೊಟ್ಟರು. ನಾನು ಕುಡಿದೆ, ನನ್ನ ಗಂಡ ಕುಡಿದರು. "ಅಯ್ಯೋ, ಏನ್ರೀ ಇದು, ಕಲ್ಲುಸಕ್ಕರೆ!" ಎಂದೆ. ಮೇಷ್ಟರು ನಕ್ಕರು. ತಾವು ಕುಡಿಯಲಿಲ್ಲ. "ಈಗ ತಾನೆ ಕಾಫಿ ಆಯ್ತು" ಎಂದರು.

ನೆಲ್ಲಿಕಾಯಿ ತಿಂದು ನೀರು ಕುಡಿದರೆ ಯಾವ ನೀರೂ ಸಿಹಿಯೇ. ಇದು ಈ ಸೀಮೆಯಲ್ಲಿ ಲಂಗ ಹಾಕುವ ಹುಡುಗಿಗೂ ಗೊತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ. ನೆಲ್ಲಿಕಾಯಿ ಕೊಟ್ಟವರು ಮನೆಯ ಹಿರಿಯರು, ಕೊಟ್ಟದ್ದನ್ನು ತಿನ್ನುವುದು ಮರ್ಯಾದೆ. ಕೊಟ್ಟ ನೀರನ್ನು ಕುಡಿದ ಮೇಲೆ "ಸಾರ್, ಇದನ್ನ ಲ್ಯಾಬಿಗೆ ಕಳಿಸ್ಲಾ?" ಎಂದು ಕೇಳುವ ಬಾಯಿ ನಮ್ಮ ಕಡೆ ಯಾರಿಗಿದೆ? ಅದರಲ್ಲೂ ಊರಿಗೆಲ್ಲ ನೀರಿನ ಪಾಠ ಹೇಳಿದ ವಿಜ್ಞಾನದ ಮೇಷ್ಟರನ್ನು! ಕೇಳಿದ್ದರೆ ನಾನೇ ನನ್ನ ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದೆ.

ನಾನು ಕೇಳಲಿಲ್ಲ ಸರಿ. ಆದರೆ ಹೇಳಿದೆ. ಅದೇ ಕಟ್ಟೆಯ ಮೇಲೆ ಕೂತು, "ಗೌರಿ ಹಬ್ಬದ ಹೊತ್ತಿಗೆ ಮಗಳಿಗೆ ದಿನ ತುಂಬುತ್ತೆ ಸಾರ್. ಬಾಣಂತನ ಇಲ್ಲೇ ಮಾಡ್ಬೇಕು ಅಂತ ಆಸೆ" ಎಂದೆ. ಅವರು ಒಂದು ಗಳಿಗೆ ಬಾವಿಯ ಕಡೆ ನೋಡಿದರು. ಆಮೇಲೆ, "ಇನ್ನೊಂದು ನೆಲ್ಲಿಕಾಯಿ ತಗೊಳ್ಳಿ ಟೀಚರ್" ಎಂದರು.

ಮನೆ ನಮ್ಮದಾಯಿತು. ಮೊದಲ ವಾರ ನೀರು ಸ್ವಲ್ಪ ಸವಳು ಅನ್ನಿಸಿತು. "ಹೊಸ ನೀರು, ನಾಲಿಗೆ ಒಗ್ಗಬೇಕು" ಎಂದರು ನನ್ನ ಗಂಡ. ತೊಗರಿಬೇಳೆ ಎಷ್ಟು ಕೂಗಿಸಿದರೂ ಬೇಯದು. ನಾನು ಅಂಗಡಿಯವನನ್ನು ಬೈದೆ. ಸೋಪು ನೊರೆ ಬಾರದು, ಸೋಪು ಬದಲಾಯಿಸಿದೆ. ಕಾಯಿಸುವ ಪಾತ್ರೆಯ ತಳದಲ್ಲಿ ಬೆಳ್ಳಗೆ ಸುಣ್ಣ ಕಟ್ಟಿತು. ಹುಣಸೆಹಣ್ಣು ಹಾಕಿ ತಿಕ್ಕಿದೆ. ಗೋಡೆಯಾಚೆಯಿಂದ ವರ್ಷ ವರ್ಷವೂ ಗಡಸು ನೀರಿನ ಪಾಠ ಕೇಳಿಸಿಕೊಂಡ ಹೆಂಗಸು ನಾನು. ಎಲ್ಲವೂ ಕಣ್ಣ ಮುಂದೆಯೇ ಇತ್ತು. ಕಾಣಲಿಲ್ಲ ಎನ್ನಲಾರೆ, ಕಾಣಲು ಮನಸ್ಸಿರಲಿಲ್ಲ.

ಮಗಳು ಬಾಣಂತನಕ್ಕೆ ಬಂದಳು. ಹೆಣ್ಣುಮಗು. ಮಗಳಿಗೆ ಹಾಲು ಸಾಲದೆ ಡಾಕ್ಟರು ಡಬ್ಬಿ ಹಾಲು ಬರೆದುಕೊಟ್ಟರು. ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಬೆರೆಸಿ ಎಂದರು. ನಾನು ಹತ್ತು ನಿಮಿಷ ಕುದಿಸಬೇಕಾದ್ದನ್ನು ಅರ್ಧ ಗಂಟೆ ಕುದಿಸಿದೆ, ಕೂಸಿನ ಮೇಲಿನ ಪ್ರೀತಿಗೆ. ನೀರು ಕುದ್ದು ಕುದ್ದು ಇಳಿದಷ್ಟೂ ಅದರೊಳಗಿನ ವಿಷ ಗಟ್ಟಿಯಾಗುತ್ತದೆ ಎಂದು ಆಮೇಲೆ ತಿಳಿಯಿತು. ನನ್ನ ಕೈಯಾರೆ ಗಟ್ಟಿ ಮಾಡಿ ಕೊಟ್ಟೆ.

ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಲು ಪಕ್ಕದ ಮನೆಯ ಚಿಕ್ಕತಾಯಮ್ಮ ದಿನಾ ಬೆಳಿಗ್ಗೆ ಬರುತ್ತಿದ್ದರು. ಊರಿನ ಅರ್ಧ ಮಕ್ಕಳಿಗೆ ನೀರು ಹಾಕಿದ ಕೈ. ಎರಡನೆಯ ತಿಂಗಳಲ್ಲಿ ಒಂದು ದಿನ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡವರು ಕೈ ನಿಲ್ಲಿಸಿ ಕೂಗಿದರು.

"ಟೀಚರಮ್ಮಾ, ವಸಿ ಇಲ್ಬಾ. ಮೊಗೀನ ತುಟಿ ಯಾಕಿಂಗದೆ? ನ್ಯಾರಳೆ ಅಣ್ಣ್ ತಿಂದಂಗದಲ್ಲ!"

ತುಟಿ ಮಾತ್ರವಲ್ಲ, ಉಗುರೂ ನೀಲಿ. ಮಗು ಅಳುವುದಕ್ಕೂ ಶಕ್ತಿಯಿಲ್ಲದೆ ಮುಲುಗುತ್ತಿತ್ತು. ಸಿಕ್ಕಿದ ಕಾರು ಹಿಡಿದು ಮೈಸೂರಿಗೆ ಓಡಿದೆವು. ದಾರಿಯುದ್ದಕ್ಕೂ ಮಗಳು "ಅಮ್ಮಾ, ಉಸಿರಾಡ್ತಿದೆಯಾ ನೋಡು, ಉಸಿರಾಡ್ತಿದೆಯಾ ನೋಡು" ಎನ್ನುತ್ತಿದ್ದಳು. ಆಸ್ಪತ್ರೆಯಲ್ಲಿ ರಕ್ತ ತೆಗೆದರೆ ಅದು ಕೆಂಪಗಿಲ್ಲ, ಕಾಫಿ ಡಿಕಾಕ್ಷನ್ ಹಾಗಿತ್ತು. ವಯಸ್ಸಾದ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದ ಮೊದಲ ಪ್ರಶ್ನೆ: "ಮನೇಲಿ ಬಾವಿ ನೀರಾ?"

ಬಾವಿ ನೀರಿನ ನೈಟ್ರೇಟ್ ಎಳೆಗೂಸಿನ ರಕ್ತದಲ್ಲಿ ಉಸಿರು ಹೊರುವ ಶಕ್ತಿಯನ್ನೇ ಕೊಲ್ಲುತ್ತದೆ ಎಂದು ಆಕೆ ಬಿಡಿಸಿ ಹೇಳಿದರು. ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ, ಕುದಿಸಿದರೆ ಹೋಗುವುದಿಲ್ಲ. ದೊಡ್ಡವರಿಗೆ ಒಮ್ಮೆಲೇ ಏನೂ ಗೊತ್ತಾಗುವುದಿಲ್ಲ. "ಇನ್ನೊಂದ್ ದಿನ ತಡ ಮಾಡಿದ್ರೆ ಕಷ್ಟ ಇತ್ತು" ಎಂದರು. ಸೂಜಿಯಲ್ಲಿ ಒಂದು ಔಷಧಿ ಕೊಟ್ಟರು. ಸಂಜೆಯ ಹೊತ್ತಿಗೆ ತುಟಿಗೆ ಬಣ್ಣ ಬಂತು. ಒಂಬತ್ತನೆಯ ದಿನ ಕೂಸನ್ನು ಆಸ್ಪತ್ರೆಯಿಂದ ಬಿಟ್ಟರು. ಮಗಳು ಮತ್ತೆ ಆ ಮನೆಗೆ ಕಾಲಿಡಲಿಲ್ಲ, ಕೂಸನ್ನು ಎತ್ತಿಕೊಂಡು ಅಲ್ಲಿಂದಲೇ ಚಾಮರಾಜನಗರಕ್ಕೆ, ಗಂಡನ ಮನೆಗೆ ಹೋದಳು. ಮೆದುಳಿಗೆ ಏನಾದರೂ ಪೆಟ್ಟು ಬಿದ್ದಿದೆಯೋ ಇಲ್ಲವೋ ಎಂದು ತಿಳಿಯಲು ಎರಡು ಮೂರು ವರ್ಷ ಕಾಯಬೇಕು ಎಂದಿದ್ದರು ಡಾಕ್ಟರಮ್ಮ. ಆ ಮೂರು ವರ್ಷ ನಾನು ಹೇಗೆ ಬದುಕಿದೆ ಎಂದು ಯಾರೂ ಕೇಳಬೇಡಿ. ಮಗು ಕೂತಿತೇ, ನಿಂತಿತೇ, ಮಾತು ಬಂತೇ ಎಂದು ಒಂದೊಂದಕ್ಕೂ ಜೀವ ಕೈಯಲ್ಲಿ ಹಿಡಿದು ಕಾದೆ.

ನಾವಿಬ್ಬರೇ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಚಿಕ್ಕತಾಯಮ್ಮ ನಮ್ಮ ಜಗುಲಿಯ ಮೇಲೆ ಕೂತು ಅತ್ತುಬಿಟ್ಟರು. "ಆ ಬಾವಿ ನೀರ ಮೇಷ್ಟ್ರು ಮನೆಯೋರು ಒಂದಿನಾನೂ ಕುಡೀನಿಲ್ಲ ಕಣವ್ವ. ಗಿಡಕ್ಕೆ ಬುಡೋರು, ಪಾತ್ರೆ ತೊಳೆಯೋರು, ಅಷ್ಟೇಯ. ನಿಮ್ಗಿಂತ ಮುಂಚೆ ಮೂರ್ ಜನ ಮನೆ ನೋಡಕ್ ಬಂದಿದ್ರು. ನೀರ ಬಾಯ್ಗ್ ಹುಯ್ಕಂಡು ಮುಖ ಸಿಂಡರಿಸ್ಕಂಡು ಓದ್ರು. ಆಮೇಲೆ ಮೇಷ್ಟ್ರು ನೆಲ್ಲಿಕಾಯ್ ಕೊಡಕ್ ಸುರು ಅಚ್ಕಂಡಿದ್ದು."

"ನಂಗೆ ಯಾಕ್ ಹೇಳ್ಲಿಲ್ಲ ಚಿಕ್ಕತಾಯಮ್ಮ?"

"ಮಾರೋ ಮನೆ ಮ್ಯಾಲೆ ಪಕ್ಕದ್ಮನೆಯೋಳು ಮಾತಾಡ್ಬಾರ್ದು ಕಣವ್ವ, ನಮ್ಮೂರಲ್ಲಿ ಅದು ಪಾಪ. ಯಾಪಾರ ಮುರುದ್ಳು ಅಂತಾರೆ. ಅದೂ ಅಲ್ದೆ ನೀವಿಬ್ರೂ ಒಂದೇ ಸ್ಕೂಲ್ನೋರು. ಅವ್ರೇ ಯೋಳಿರ್ತಾರೆ ಅಂದ್ಕಂಡಿ."

ನಾನು ಸುಮ್ಮನೆ ಕೂರುವವಳಲ್ಲ. ಬಾವಿ ನೀರನ್ನು ಎರಡು ಬಾಟಲಿಯಲ್ಲಿ ತುಂಬಿ ಮೈಸೂರಿನ ಪ್ರಯೋಗಾಲಯಕ್ಕೆ ಕೊಟ್ಟು ಬಂದೆ. ವರದಿ ಬಂದ ದಿನ ಅದನ್ನು ಹಿಡಿದು ಶಾಲೆಗೆ ಹೋದೆ. ನಿವೃತ್ತಳಾಗಿ ಆಗಿನ್ನೂ ಕೆಲವೇ ತಿಂಗಳು. ಹೊಸದಾಗಿ ಬಂದಿದ್ದ ವಿಜ್ಞಾನದ ಟೀಚರ್ ಹುಡುಗಿಯನ್ನು ಇದರ ಅರ್ಥ ಕೇಳೋಣ ಎಂದು. ಅವಳು ಓದಿ, "ಇಂಥದ್ದೇ ಒಂದು ನಮ್ಮ ಬೀರುವಿನಲ್ಲಿದೆ ಮೇಡಂ" ಎಂದು ಒಂದು ಸುರುಳಿ ತೆಗೆದು ಮೇಜಿನ ಮೇಲೆ ಬಿಚ್ಚಿದಳು.

ವಿಜ್ಞಾನ ಸಂಘದ ಹಳೆಯ ಚಾರ್ಟು. "ನಮ್ಮ ಊರಿನ ಬಾವಿಗಳು" ಎಂದು ತಲೆಬರಹ. ಮೇಷ್ಟರು ಒಂದು ವರ್ಷ ಮಕ್ಕಳಿಂದ ಮನೆ ಮನೆ ಬಾವಿಯ ನೀರು ತರಿಸಿ ಪರೀಕ್ಷೆ ಮಾಡಿಸಿದ್ದರು. ಯಾರ ಮನೆಗೂ ಅವಮಾನ ಆಗಬಾರದೆಂದು ಹೆಸರು ಹಾಕದೆ ಬರಿಯ ನಂಬರು ಹಾಕಿಸಿದ್ದರು. ಏಳನೇ ನಂಬರಿನ ಮುಂದೆ ಕೆಂಪು ಶಾಯಿಯಲ್ಲಿ: ನೈಟ್ರೇಟ್ ಮಿತಿ ಮೀರಿದೆ. ಕುದಿಸಿದರೂ ಹೋಗದು. ಎಳೆಯ ಮಕ್ಕಳಿಗೆ ಕೊಡಲೇಬಾರದು.

ದುಂಡು ದುಂಡಾದ ಮುದ್ದಾದ ಅಕ್ಷರ. ನನ್ನದೇ ಅಕ್ಷರ. ಶಾಲೆಯ ಚಾರ್ಟುಗಳನ್ನೆಲ್ಲ ಬರೆಯುತ್ತಿದ್ದವಳು ನಾನೇ. ಅವರು ಪಕ್ಕದಲ್ಲಿ ನಿಂತು ಓದಿ ಹೇಳಿದ್ದರು, ನಾನು ಬರೆದಿದ್ದೆ. "ಕೊಡಲೇಬಾರದು ಅನ್ನೋದನ್ನ ದಪ್ಪಕ್ಷರದಲ್ಲಿ ಬರೀರಿ ಟೀಚರ್" ಎಂದಿದ್ದರು. ನಾನು ಅದನ್ನು ಎರಡು ಸಲ ತೀಡಿದ್ದೆ, ತೀಡಿ ಮರೆತೂ ಬಿಟ್ಟಿದ್ದೆ. ಜೊತೆಗಿದ್ದ ನೋಟ್ ಬುಕ್ಕಿನಲ್ಲಿ ನಂಬರು ಯಾರ ಮನೆಯದು ಎಂದು ಅವರ ಕೈಬರಹದಲ್ಲಿ ಪಟ್ಟಿ. ಉಳಿದವರ ಹೆಸರುಗಳ ಮುಂದೆಲ್ಲ "ಮನೆಯವರಿಗೆ ತಿಳಿಸಿದೆ" ಎಂದಿತ್ತು. ಏಳರ ಮುಂದೆ "ಸ್ವಂತ" ಎಂದಷ್ಟೇ ಇತ್ತು.

ಮಾರನೆಯ ದಿನವೇ ಮೈಸೂರಿಗೆ ಹೋದೆ. ನನ್ನ ಗಂಡ "ಜಗಳ ಆಡ್ಬೇಡ ಕಣೇ" ಎನ್ನುತ್ತ ಹಿಂದೆ ಬಂದರು. ಮೇಷ್ಟರು ವರಾಂಡದಲ್ಲಿ ಪೇಪರು ಓದುತ್ತಿದ್ದರು. ನಾನು ಕೂರಲಿಲ್ಲ.

"ಸಾರ್, ಏಳನೇ ನಂಬರ್ ಬಾವಿ ಯಾರದ್ದು?"

ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ್ದನ್ನೇ ಒರೆಸಿದರು. ಆಮೇಲೆ ಹೇಳಿದರು: "ನೀವು ಕೇಳ್ಲಿಲ್ವಲ್ಲ ಟೀಚರ್. ಕೇಳಿದ್ರೆ ಹೇಳ್ತಿದ್ದೆ."

"ಬಾಣಂತನ ಮಾಡ್ತೀನಿ ಅಂತ ನಿಮ್ಮ ಬಾವಿ ಕಟ್ಟೆ ಮೇಲೆ ಕೂತೇ ಹೇಳಿದ್ನಲ್ಲ ಸಾರ್!"

"ಎದೆಹಾಲು ಕುಡಿಯೋ ಮಗುಗೆ ತೊಂದ್ರೆ ಇಲ್ಲ ಟೀಚರ್. ಡಬ್ಬಿ ಹಾಲು ಕೊಡ್ತೀರಿ ಅಂತ ನಾನು ಅಂದ್ಕೊಳ್ಳಲಿಲ್ಲ."

ಅಂದರೆ ಯೋಚನೆ ಮಾಡಿದ್ದರು. ನನ್ನ ಮಗಳ ಹೊಟ್ಟೆಯೊಳಗಿನ ಕೂಸನ್ನು ತಮ್ಮ ತಲೆಯೊಳಗೆ ತೂಗಿ ನೋಡಿ, ಪರವಾಗಿಲ್ಲ ಎಂದು ತೀರ್ಮಾನಿಸಿ, ಇನ್ನೊಂದು ನೆಲ್ಲಿಕಾಯಿ ಕೊಟ್ಟಿದ್ದರು! ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅದನ್ನಿಲ್ಲಿ ಬರೆದರೆ ಔಷಧಿ ಅಂಗಡಿಯ ಹುಡುಗ ಪುಸ್ತಕವನ್ನೇ ನಿಲ್ಲಿಸಿಬಿಟ್ಟಾನು. ಅವರು ತಲೆ ತಗ್ಗಿಸಿ ಕೇಳಿದರು. ಆದರೆ ಅಷ್ಟು ಹೊತ್ತಿನಲ್ಲಿ ಒಂದು ಸಲ, ಒಂದೇ ಒಂದು ಸಲ, "ಮಗು ಹೇಗಿದೆ?" ಎನ್ನಲಿಲ್ಲ. ನಾನು ಕಾದೆ. ಗೇಟಿನವರೆಗೂ ಬಂದು ಹಿಂದೆ ತಿರುಗಿ ನೋಡಿದೆ. ಪೇಪರು ಮತ್ತೆ ಮುಖದ ಮುಂದಿತ್ತು.

ಕೋರ್ಟಿಗೆ ಹೋಗೋಣ ಎಂದೆ. ವಕೀಲರು ಕ್ರಯಪತ್ರ ಓದಿ, ಬಾವಿ ಇದೆ ಎಂದಷ್ಟೇ ಬರೆದಿದೆ, ನೀರು ಕುಡಿಯಬಹುದು ಎಂದು ಎಲ್ಲೂ ಬರೆದಿಲ್ಲವಲ್ಲ ಎಂದರು. ಸರಿ, ಕೋರ್ಟು ಬೇಡ, ನನ್ನ ಬಾಯಿಯೇ ಸಾಕು ಎಂದುಕೊಂಡೆ. ಒಮ್ಮೆ ನಂಜನಗೂಡಿನ ಛತ್ರದಲ್ಲಿ ಹಳೆಯ ವಿದ್ಯಾರ್ಥಿನಿಯ ಮದುವೆ. ಊಟದ ಪಂಕ್ತಿಯಲ್ಲಿ ಮೇಷ್ಟರು ನನ್ನ ಎದುರು ಸಾಲಿಗೇ ಸಿಕ್ಕರು. ಸುತ್ತ ನಮ್ಮ ಶಿಷ್ಯರೇ ಮೂವತ್ತು ನಲವತ್ತು ಜನ; ಔಷಧಿ ಅಂಗಡಿಯ ಹುಡುಗ ಮಾತ್ರ ಅಂದು ಊರಲ್ಲಿರಲಿಲ್ಲ. ನೀರಿನವನು ಅವರ ಲೋಟಕ್ಕೆ ಬಗ್ಗಿದಾಗ ನಾನು ತರಗತಿಯ ದನಿಯಲ್ಲಿ ಹೇಳಿದೆ: "ಕುಡೀರಿ ಸಾರ್, ಧೈರ್ಯವಾಗಿ ಕುಡೀರಿ. ಇದು ನಿಮ್ಮನೆ ಬಾವಿ ನೀರಲ್ಲ." ಪಕ್ಕದಲ್ಲಿದ್ದವರು ಏನು ಏನು ಎಂದರು. ನಾನು ಹೇಳಿದೆ. ನೆಲ್ಲಿಕಾಯಿಯಿಂದ ಹಿಡಿದು ನೀಲಿ ಉಗುರಿನವರೆಗೂ, ಹೋಳಿಗೆ ಬಡಿಸುವವನು ತಟ್ಟೆ ಹಿಡಿದು ನಿಂತು ಕೇಳುವ ಹಾಗೆ ಹೇಳಿದೆ. ಮೇಷ್ಟರು ಅನ್ನಕ್ಕೆ ಮಜ್ಜಿಗೆ ಬರುವ ಮುಂಚೆ ಎದ್ದು ಕೈ ತೊಳೆದರು. ಆಮೇಲೆ ಈ ಸೀಮೆಯ ಮದುವೆಗಳಲ್ಲಿ ಅವರು ಕಾಣಿಸಿಕೊಳ್ಳಲಿಲ್ಲ. ನನ್ನ ಗಂಡ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ನಾನು ಹಾಯಾಗಿ ನಿದ್ದೆ ಮಾಡಿದೆ.

ಆ ಮನೆಯಲ್ಲೇ ಈಗಲೂ ಇದ್ದೇವೆ. ತಿಪ್ಪೆಗುಂಡಿ ಅಗೆಸಿ ಹೊರಗೆ ಹಾಕಿಸಿದೆ. ಬಾವಿ ನೀರು ಗಿಡಕ್ಕೆ, ನೆಲಕ್ಕೆ. ಕುಡಿಯಲು ನನ್ನ ಗಂಡ ಊರಿನ ಶುದ್ಧ ನೀರಿನ ಘಟಕದಿಂದ ಮೊಪೆಡ್ಡಿನಲ್ಲಿ ಕ್ಯಾನು ತರುತ್ತಾರೆ. ಹೆಡತಲೆ ಕಡೆಯಿಂದ, ತಲಕಾಡಿನ ಕಡೆಯಿಂದ, ಎಲ್ಲೆಲ್ಲಿಂದಲೋ ಹಳ್ಳಿಯಲ್ಲಿ ಮನೆ ಕೊಳ್ಳುವವರು ಈಗ ನನ್ನನ್ನು ಕರೆದೊಯ್ಯುತ್ತಾರೆ. ನಾನು ಹೋದ ಮನೆಯಲ್ಲಿ ಏನೂ ತಿನ್ನುವುದಿಲ್ಲ; ಬರಿಬಾಯಲ್ಲಿ ನೀರು ಮುಕ್ಕಳಿಸುತ್ತೇನೆ. ನೇರ ಅಡುಗೆಮನೆಗೆ ನುಗ್ಗಿ ನೀರು ಕಾಯಿಸುವ ಪಾತ್ರೆಯ ತಳ ನೋಡುತ್ತೇನೆ. ಕಕ್ಕಸಿನ ಗುಂಡಿ ಎಲ್ಲಿ, ಕೊಟ್ಟಿಗೆ ಎಲ್ಲಿತ್ತು, ಬಾವಿಗಿಂತ ಮೇಲೋ ಕೆಳಗೋ, ಬಾವಿಯ ಒಳಗೋಡೆ ಬಿರುಕು ಬಿಟ್ಟಿದೆಯೋ ಎಂದು ಸೀರೆ ಎತ್ತಿ ಸಿಕ್ಕಿಸಿ ಹಿತ್ತಿಲೆಲ್ಲ ಸುತ್ತುತ್ತೇನೆ. ಪಕ್ಕದ ಮನೆಯವಳನ್ನು "ಇವರ ನೀರು ಹೇಗೆ?" ಎಂದು ಕೇಳುವುದಿಲ್ಲ, ಅವಳು ಹೇಳಲಾರಳು. "ಇವರು ಕುಡಿಯೋಕೆ ಎಲ್ಲಿಂದ ತರ್ತಾರೆ?" ಎಂದು ಕೇಳುತ್ತೇನೆ. ಕೊನೆಗೆ ನೀರನ್ನು ನಾವೇ ತುಂಬಿ, ನಾವೇ ಲ್ಯಾಬಿಗೆ ಕೊಟ್ಟು, ನೈಟ್ರೇಟ್ ನೋಡಿ ಎಂದು ಬಾಯಿಬಿಟ್ಟು ಹೇಳಿ ಬರೆಸುತ್ತೇನೆ. ಮಾರುವವರು ಎಷ್ಟು ದೊಡ್ಡ ಮನುಷ್ಯರೋ ಅಷ್ಟು ಗಟ್ಟಿಯಾಗಿ ಕೇಳಿ ಎಂದು ಹೇಳಿಕೊಡುತ್ತೇನೆ. ಹೀಗೆ ಹೋದಲ್ಲೆಲ್ಲ ಮೇಷ್ಟರ ಕಥೆಯನ್ನೂ ಹೇಳುತ್ತೇನೆ, ಅದನ್ನು ಮಾತ್ರ ಬಿಡುವುದಿಲ್ಲ.

ಹೋದ ಬೇಸಿಗೆಯಲ್ಲಿ ಅವರ ಹೆಂಡತಿಯಿಂದ ಫೋನು ಬಂತು. ಮೇಷ್ಟರು ಹಾಸಿಗೆ ಹಿಡಿದಿದ್ದರು. "ಒಂದ್ಸಲ ಬಂದ್ಹೋಗಿ ಟೀಚರ್. ನಿಮ್ಮನ್ನೇ ಕೇಳ್ತಾರೆ" ಎಂದರು ಆಕೆ. ಹೋಗುವುದಿಲ್ಲ ಎಂದೆ. ನನ್ನ ಗಂಡ ಮೂರು ದಿನ ಬೆನ್ನು ಬಿಡಲಿಲ್ಲ. ರಜೆಗೆಂದು ಮೊಮ್ಮಗಳು ನಮ್ಮಲ್ಲಿಗೆ ಬಂದಿದ್ದಳು. ಏಳು ವರ್ಷ. ತರಗತಿಗೇ ಮೊದಲು, ಮಾತಿನಲ್ಲಿ ನನ್ನನ್ನೂ ಮೀರಿಸುವವಳು. "ಮಗುನ ಕರ್ಕೊಂಡು ಹೋಗಿ ತೋರ್ಸು. ಸಾಯೋ ಮನುಷ್ಯ ಕಣೇ, ನೋಡಿ ಸಮಾಧಾನ ಮಾಡ್ಕೊಳ್ಳಲಿ" ಎಂದರು. ಮೂವರೂ ಹೊರಟೆವು. ಅವರ ಮನೆಯ ಮುಂದೆ ಆಟೋ ನಿಂತಾಗ, "ನೀವಿಬ್ರೂ ಇಲ್ಲೇ ಇರಿ, ನಾನು ಮೊದಲು ನೋಡಿ ಬರ್ತೀನಿ" ಎಂದೆ.

ಬೀದಿ ಕಡೆಯ ಕೋಣೆಯಲ್ಲಿ ಮಲಗಿದ್ದರು. ಮೂಗಿಗೆ ಆಮ್ಲಜನಕದ ನಳಿಕೆ. ಆ ತುಟಿಯ ಬಣ್ಣ ನೋಡಿದೆ. ನೋಡಬಾರದು ಎಂದುಕೊಂಡರೂ ನೋಡಿದೆ. ನನ್ನನ್ನು ಗುರುತಿಸಿ ಕೈ ಮುಗಿಯಲು ಹೋದರು, ಕೈ ಮೇಲೆ ಬರಲಿಲ್ಲ. ಹೆಂಡತಿ ಹೊರಗೆ ಹೋದರು.

"ಟೀಚರ್... ಮಗು..." ಎಂದರು. ಉಸಿರು ಎಳೆದುಕೊಂಡು ಮತ್ತೆ ಹೇಳಿದರು, "ಮಗು ಹೇಗಿದೆ? ತಲೆಗೆ... ಓದು ಹತ್ತುತ್ತಾ?"

ಏಳು ವರ್ಷದಿಂದ ಈ ಮಾತಿಗೆ ಕಾದಿದ್ದೆ. ಅವರಿಗೆ ಯಾವ ಭಯವಿತ್ತೆಂದು ನನಗೆ ಚೆನ್ನಾಗಿ ಅರ್ಥವಾಯಿತು. ಆಮ್ಲಜನಕ ಸಾಲದಿದ್ದರೆ ಮೆದುಳು ಏನಾಗುತ್ತದೆ ಎಂದು ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ. ನನ್ನ ಮೂರು ವರ್ಷದ ಭಯ ಅವರ ಎದೆಯಲ್ಲಿ ಏಳು ವರ್ಷ ಕೂತಿತ್ತು. ನನಗೆ ಅಯ್ಯೋ ಅನ್ನಿಸಿತು. ಅನ್ನಿಸಲಿಲ್ಲ ಎಂದು ಸುಳ್ಳು ಬರೆಯುವುದಿಲ್ಲ. ಅದರ ಹಿಂದೆಯೇ ಆ ಕಾರು, ಮಗಳು, ಉಸಿರಾಡ್ತಿದೆಯಾ ನೋಡು ಎಂಬ ಕೂಗು ಬಂತು. ನಾನು ಉತ್ತರ ಕೊಡಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಹೊರಗೆ ಬೀದಿಯಲ್ಲಿ ಮೊಮ್ಮಗಳು ಮಗ್ಗಿ ಶುರು ಮಾಡಿದಳು. ತಾತ ಸುಮ್ಮನೆ ಕೂರಿಸಲು ಹೇಳಿಸಿರಬೇಕು. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು. ಕಂಚಿನ ಕಂಠ ಅವಳದು. ಒಂದೂ ತಡವರಿಸದೆ ತೆರೆದ ಕಿಟಕಿಯಿಂದ ಒಳಗೆ ಬಂತು. ಮೇಷ್ಟರು ಕತ್ತು ಆ ಕಡೆ ಹೊರಳಿಸಿದರು. ಮುಖದ ಮೇಲೆ ಹಳೆಯ ತರಗತಿಯ ಕಳೆ ಬಂತು. ಏಳ್ಹತ್ಲ ಎಪ್ಪತ್ತು ಆಗುವವರೆಗೂ ಕೇಳಿದರು.

"ಎಷ್ಟು ಚುರುಕಾಗಿ ಹೇಳ್ತಾಳೆ," ಎಂದರು. "ಯಾರ ಮಗು ಟೀಚರ್ ಅದು?"

"ಯಾರದ್ದೋ ಸಾರ್" ಎಂದೆ. "ಬೀದಿಲಿ ಆಡ್ತಾ ಇದೆ."

ಅವರು ಕಣ್ಣು ಮುಚ್ಚಿದರು. ಕಣ್ಣಿನ ಅಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. ನಾನು ಎದ್ದು ಹೊರಗೆ ಬಂದು, ಅವರ ಹೆಂಡತಿಗೆ ನಮಸ್ಕಾರ ಹೇಳಿ, ಆಟೋ ಹತ್ತಿದೆ.

ಆಮೇಲೆ ಅವರು ಹನ್ನೊಂದು ದಿನ ಬದುಕಿದ್ದರಂತೆ. ಅಷ್ಟು ದಿನವೂ ಮೊಮ್ಮಗಳು ನಮ್ಮ ಮನೆಯಲ್ಲೇ ಇದ್ದಳು, ಫೋನು ನನ್ನ ತಲೆದಿಂಬಿನ ಪಕ್ಕದಲ್ಲೇ ಇತ್ತು. ಮಾಡಲಿಲ್ಲ.